ಹರಿಹರ ಮತ್ತು ದಾವಣಗೆರೆ: ಹೆಸರುಗಳ ಹಿಂದಿನ ಅಚ್ಚರಿಯ ಸಂಗತಿಗಳು

ಹರಿಹರ ಮತ್ತು ದಾವಣಗೆರೆ ಕರ್ನಾಟಕದ ದಾವಣಗೆರೆ ಜಿಲ್ಲೆಯ ಎರಡು ನಗರಗಳು. ಇವುಗಳ ನಡುವಿನ ಅಂತರ ಸುಮಾರು 14 ಕಿ.ಮೀ. ಹರಿಹರವು ತುಂಗಭದ್ರಾ ನದಿಯ ಬಲದಂಡೆಯ ಮೇಲಿದೆ. ದಾವಣಗೆರೆಯು ನದಿಯಿಂದ ದೂರದಲ್ಲಿ, ಬಯಲುಸೀಮೆಯ ನಡುವೆ ಇದೆ. ಸಾಮಾನ್ಯ ಜ್ಞಾನದ ಕೈಪಿಡಿಗಳಲ್ಲಿ ಈ ಊರುಗಳಿಗೆ ಸಿಗುವುದು ಒಂದೊಂದು ಸಾಲು ಮಾತ್ರ: ಹರಿಹರೇಶ್ವರ ದೇವಾಲಯವಿರುವ ಊರು, ಕರ್ನಾಟಕದ ಮ್ಯಾಂಚೆಸ್ಟರ್, ಬೆಣ್ಣೆದೋಸೆಯ ನಗರ. ಈ ಸಾಲುಗಳು ಸುಳ್ಳಲ್ಲ. ಆದರೆ ಇಲ್ಲಿನ ಅನೇಕ ಹೆಸರುಗಳು ಅವು ಸೂಚಿಸುವ ವಸ್ತುವಿಗಿಂತ ಹಳೆಯವು, ಇಲ್ಲವೆ ಹೊಸವು. ಕೆಲವು ಬೇರೆ ಸ್ಥಳಕ್ಕೆ ಸೇರಿದವು. ಹೆಸರನ್ನಷ್ಟೇ ನೆನಪಿಟ್ಟುಕೊಂಡ ವಿದ್ಯಾರ್ಥಿ ಪ್ರಶ್ನೆಪತ್ರಿಕೆಯಲ್ಲಿ ಎಡವುವುದು ಇಂತಹ ಕಡೆಯಲ್ಲಿಯೇ.

ಹರಿಹರದ ಹಳೆಯ ಹೆಸರು

ಶಾಸನಗಳಲ್ಲಿ ಹರಿಹರಕ್ಕೆ ಕೂಡಲೂರು ಎಂಬ ಹೆಸರಿದೆ. ಕೂಡಲ್ ಎಂದರೆ ನದಿಗಳು ಕೂಡುವ ಸ್ಥಳ. ತುಂಗಾ ಮತ್ತು ಭದ್ರಾ ನದಿಗಳು ಕೂಡುವುದು ಹರಿಹರದಲ್ಲಿ ಎಂದು ಅನೇಕರು ಭಾವಿಸಿರುವುದುಂಟು. ಆ ಸಂಗಮವಿರುವುದು ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ. ಅಲ್ಲಿ ಒಂದಾದ ನದಿ ಹೊನ್ನಾಳಿಯನ್ನು ದಾಟಿ ಹರಿಹರಕ್ಕೆ ಬರುವಾಗ ಅದರ ಹೆಸರು ಆಗಲೇ ತುಂಗಭದ್ರಾ ಎಂದಾಗಿರುತ್ತದೆ. ಹರಿಹರದಲ್ಲಿ ಅದನ್ನು ಕೂಡಿಕೊಳ್ಳುವುದು ಹರಿದ್ರಾ ಎಂಬ ಚಿಕ್ಕ ಹೊಳೆ. ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮ ಮೂರನೆಯದು. ಅಲ್ಲಿ ಸೇರುವುದು ಕೃಷ್ಣಾ ಮತ್ತು ಮಲಪ್ರಭಾ. ಒಂದೇ ಕನ್ನಡ ಪದ ಮೂರು ಬೇರೆ ಬೇರೆ ಸಂಗಮಗಳಿಗೆ ಹೆಸರು ಕೊಟ್ಟಿದೆ ಎಂಬುದನ್ನು ತಿಳಿದರೆ ಈ ಗೊಂದಲ ಉಳಿಯುವುದಿಲ್ಲ.

ಹರಿದ್ರಾ ಹೊಳೆಯ ಮೂಲ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ. ಶಾಂತಿಸಾಗರ ಎಂಬುದು ಇದರ ಈಗಿನ ಹೆಸರು. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಅಡ್ಡಲಾಗಿ ಏರಿ ಹಾಕಿ ಈ ಕೆರೆಯನ್ನು ಕಟ್ಟಲಾಗಿದೆ. ಆದ್ದರಿಂದ ನೀರಿನ ಹರವು ವಿಶಾಲವಾಗಿದ್ದರೂ ಏರಿಯ ಉದ್ದ ಹೆಚ್ಚಿಲ್ಲ. ಅದರ ಅಗಲ ಮತ್ತು ಗಟ್ಟಿತನವೇ ಹೆಚ್ಚು. ಶಾಂತವ್ವೆ ಎಂಬ ರಾಜಕುಮಾರಿ ಇದನ್ನು ಕಟ್ಟಿಸಿದಳೆಂದೂ, ಕೆರೆಗೆ ಬೇಕಾದ ನೆಲದಲ್ಲಿ ವಾಸವಾಗಿದ್ದ ವೇಶ್ಯೆಯರು ತಮ್ಮ ಹೆಸರಿನಿಂದಲೇ ಕೆರೆಯನ್ನು ಕರೆಯಬೇಕೆಂಬ ಕರಾರಿನ ಮೇಲೆ ಜಾಗ ಬಿಟ್ಟುಕೊಟ್ಟರೆಂದೂ ಐತಿಹ್ಯವಿದೆ. ಹೊಸ ಹೆಸರು ಸಭ್ಯವಾಗಿದ್ದರೂ, ಆ ಕರಾರಿನ ನೆನಪನ್ನು ಉಳಿಸಿರುವುದು ಹಳೆಯ ಹೆಸರೇ. ಇದು ಏಷ್ಯಾದ ಎರಡನೆಯ ದೊಡ್ಡ ಕೆರೆ ಎಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ಸಾಗಿ ಬಂದಿದೆ. ವಿಸ್ತೀರ್ಣದಿಂದಲೋ, ನೀರಿನ ಪ್ರಮಾಣದಿಂದಲೋ ಎಂಬುದನ್ನು ಆ ಪುಸ್ತಕಗಳು ಹೇಳುವುದಿಲ್ಲವಾದುದರಿಂದ ಅದನ್ನು ಅಭಿಮಾನದ ಮಾತೆಂದು ಓದಿಕೊಳ್ಳುವುದು ಲೇಸು.

ಹರಿಹರ ಎಂಬ ಹೆಸರು ಬಂದುದು ದೇವರಿಂದ. ಸ್ಥಳಪುರಾಣದ ಪ್ರಕಾರ ಗುಹಾಸುರ ಎಂಬ ರಾಕ್ಷಸನು ಹರಿಯಿಂದಾಗಲಿ ಹರನಿಂದಾಗಲಿ ತನಗೆ ಸಾವು ಬರಬಾರದೆಂದು ಬ್ರಹ್ಮನಿಂದ ವರ ಪಡೆದಿದ್ದನು. ಆಗ ಇಬ್ಬರೂ ಒಂದೇ ಶರೀರವಾಗಿ ಬಂದು ಅವನನ್ನು ಅಡಗಿಸಿದರು. ಅವನ ನೆನಪಿಗೆ ಈ ಪ್ರದೇಶಕ್ಕೆ ಗುಹಾರಣ್ಯ ಕ್ಷೇತ್ರ ಎಂಬ ಹೆಸರೂ ಉಳಿಯಿತು. ವರದ ಮಾತಿನಲ್ಲಿದ್ದ ಸಂದನ್ನು ಹಿಡಿದು ಅಸುರನನ್ನು ಗೆಲ್ಲುವ ಈ ಬಗೆಯ ಕಥೆ ಹಿರಣ್ಯಕಶಿಪುವಿನ ಪ್ರಸಂಗದಿಂದ ಎಲ್ಲರಿಗೂ ಪರಿಚಿತ.

ವಿಜಯನಗರದ ಮೊದಲ ಅರಸು ಹರಿಹರನಿಂದ ಊರಿಗೆ ಈ ಹೆಸರು ಬಂದಿತೆಂಬ ಊಹೆಗೆ ಆಧಾರವಿಲ್ಲ. ವಿಜಯನಗರದ ಸ್ಥಾಪನೆಗೆ ಸಾಮಾನ್ಯವಾಗಿ ಹೇಳುವ ವರ್ಷ 1336. ಹರಿಹರೇಶ್ವರ ದೇವಾಲಯ ಅದಕ್ಕಿಂತ ನೂರು ವರ್ಷಕ್ಕೂ ಹೆಚ್ಚು ಹಳೆಯದು. ರಗಳೆಗಳ ಕವಿ ಹರಿಹರನು ಹಂಪೆಯವನು. ಅವನಿಗೂ ಈ ಊರಿನ ಹೆಸರಿಗೂ ಸಂಬಂಧವಿಲ್ಲ.

ದೇವಾಲಯ ಮತ್ತು ಕಡೆದ ಕಂಬಗಳು

ಹರಿಹರೇಶ್ವರ ದೇವಾಲಯವನ್ನು ಕ್ರಿ.ಶ. 1223-24ರಲ್ಲಿ ಕಟ್ಟಿಸಿದವನು ಹೊಯ್ಸಳ ಅರಸು ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವ. ಈತ ಸೇನಾನಿ ಮಾತ್ರನಲ್ಲ. ಹರಿಚಾರಿತ್ರ ಎಂಬ ಕೃತಿಯ ಕರ್ತೃವೆಂದು ಕನ್ನಡ ಸಾಹಿತ್ಯದ ಇತಿಹಾಸದಲ್ಲಿ ಹೆಸರಾಗಿದ್ದಾನೆ. ಮುಂದೆ 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮನು ದೇವಾಲಯವನ್ನು ವಿಸ್ತರಿಸಿದನು. ಮೈಸೂರು ಜಿಲ್ಲೆಯ ಸೋಮನಾಥಪುರವನ್ನು ಸ್ಥಾಪಿಸಿದವನೂ ಈ ಸೋಮನೇ.

ಮೂಲ ವಿಗ್ರಹದಲ್ಲಿ ಬಲ ಅರ್ಧ ಶಿವ, ಎಡ ಅರ್ಧ ವಿಷ್ಣು. ಬಲ ಎಡಗಳನ್ನು ಇಲ್ಲಿ ದೇವರ ಕಡೆಯಿಂದ ಎಣಿಸಬೇಕು. ಎದುರಿಗೆ ನಿಂತು ಕೈಮುಗಿಯುವವರಿಗೆ ಶಿವನು ತಮ್ಮ ಎಡಕ್ಕೆ ಕಾಣುತ್ತಾನೆ. ಶೈವರಿಗೂ ವೈಷ್ಣವರಿಗೂ ನಡುವೆ ವಾದಗಳಿದ್ದ ಕಾಲದಲ್ಲಿ ಒಂದೇ ಗರ್ಭಗುಡಿಯಲ್ಲಿ ಇಬ್ಬರನ್ನೂ ಒಂದೇ ದೇಹದಲ್ಲಿ ನಿಲ್ಲಿಸಿದುದು ದೊಡ್ಡ ಸಂಗತಿ.

ಬೇಲೂರು ಹಳೇಬೀಡುಗಳನ್ನು ನೋಡಿ ಬಂದವರಿಗೆ ಹರಿಹರದ ದೇವಾಲಯ ಸರಳವೆನಿಸಬಹುದು. ಹೊರಗೋಡೆಗಳ ಮೇಲೆ ಅಲ್ಲಿನಂತೆ ಶಿಲ್ಪಗಳ ಸಾಲುಗಳಿಲ್ಲ. ಇಲ್ಲಿ ಗಮನಿಸಬೇಕಾದುದು ತೆರೆದ ಮಂಟಪ ಮತ್ತು ಅದರ ಕಂಬಗಳು. ಮಂಟಪದ ಅಂಚಿನ ಮೋಟುಗೋಡೆಯ ಮೇಲೆ ಅರ್ಧಗಂಬಗಳು ನಿಂತು ಚಾವಣಿಯ ಹೊರ ಅಂಚನ್ನು ಹೊತ್ತಿವೆ. ಒಳಗಿನ ಕಂಬಗಳು ದುಂಡಗೆ ಕಡೆದಂಥವು. ಮೈಮೇಲೆ ಬಳೆಗಳನ್ನು ಪೇರಿಸಿದಂತೆ ಸುತ್ತುಗೆರೆಗಳಿವೆ. ಹೊಯ್ಸಳರ ಕಾಲದ ಇಂತಹ ಕಂಬಗಳನ್ನು ಲೇತ್ ಕಂಬಗಳೆಂದು ಕಲಾ ಇತಿಹಾಸಕಾರರು ಕರೆಯುತ್ತಾರೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಆ ಮೃದುತನವಿರುವಾಗಲೇ ಕಲ್ಲನ್ನು ತಿರುಗಿಸುತ್ತ, ಅದಕ್ಕೆ ಉಳಿಯನ್ನು ಹಿಡಿದು, ದುಂಡನೆಯ ಆಕಾರ ಮತ್ತು ಗೆರೆಗಳನ್ನು ಮೂಡಿಸಿರಬೇಕೆಂಬುದು ವಿದ್ವಾಂಸರ ಅಭಿಪ್ರಾಯ. ಕೆಲಸದ ವಸ್ತು ತಿರುಗಬೇಕು, ಉಪಕರಣ ಅದನ್ನು ತಾಗಬೇಕು ಎಂಬುದೇ ಇದರ ತತ್ತ್ವ.

ಯಂತ್ರಪುರ

ಸುಮಾರು ಏಳು ಶತಮಾನಗಳ ಅನಂತರ ಅದೇ ತತ್ತ್ವದ ಮೇಲೆ ಕೆಲಸ ಮಾಡುವ ಯಂತ್ರಗಳು ಅದೇ ಊರಿನಲ್ಲಿ ತಯಾರಾಗತೊಡಗಿದವು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಸ್ಥಾಪನೆಯಾಯಿತು. ಅದರ ಮುಖ್ಯ ಉತ್ಪನ್ನ ಕಬ್ಬಿಣ ಮತ್ತು ಉಕ್ಕನ್ನು ಕಡೆಯುವ ಲೇತ್ ಯಂತ್ರ. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ಯಂತ್ರಪುರ ಎಂಬ ಹೆಸರು ಬಂದಿತು. ಪೋಲಾಳ್ವನ ಕಂಬಗಳಿಗೂ ಕಿರ್ಲೋಸ್ಕರರ ಲೇತ್‌ಗೂ ಯಾವ ನೇರ ಸಂಬಂಧವೂ ಇಲ್ಲ. ಇದು ಕೇವಲ ಕಾಕತಾಳೀಯ. ಆದರೂ ದೇವಾಲಯಕ್ಕೆ ಹೋದವರು ಗಮನಿಸಬೇಕಾದ ಕಾಕತಾಳೀಯ.

ಕಿರ್ಲೋಸ್ಕರ್ ಉದ್ಯಮದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಜನಿಸಿದ್ದು ಬೆಳಗಾವಿ ಜಿಲ್ಲೆಯಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಉದ್ಯೋಗ ಆರಂಭಿಸಿ, ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲಿನ ಮೂಲಕ ರೈತರ ನಡುವೆ ಹೆಸರಾದರು. 1910ರಲ್ಲಿ ಕಿರ್ಲೋಸ್ಕರ್‌ವಾಡಿಯನ್ನು ಕಟ್ಟಿದರು. ಹರಿಹರದ ಕಾರ್ಖಾನೆ ಆ ಮನೆತನದ ಮುಂದಿನ ಹೆಜ್ಜೆ. ಭಾರತದಲ್ಲಿ ಯಂತ್ರೋಪಕರಣಗಳ ತಯಾರಿಕೆ ಎಂದೊಡನೆ ನೆನಪಾಗುವುದು ಬೆಂಗಳೂರಿನ ಎಚ್.ಎಂ.ಟಿ. ಅದು ಸ್ಥಾಪನೆಯಾದುದು 1953ರಲ್ಲಿ. ಹರಿಹರದ ಕಾರ್ಖಾನೆ ಅದಕ್ಕಿಂತ ಹನ್ನೆರಡು ವರ್ಷ ಹಿರಿಯದು.

ಎಂಟರ್‌ಪ್ರೈಸ್ ಎಂಬ ಹೆಸರಿನ ಇಲ್ಲಿನ ಲೇತ್‌ಗಳು ದೇಶದ ಕಾರ್ಯಾಗಾರಗಳಿಗೆ ಹೋದವು. ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ ಕಾಲ ಬಂದು, ಆಮದು ಸುಲಭವಾದ ಬಳಿಕ ಕಾರ್ಖಾನೆ ಸೊರಗಿ, 2000ದ ದಶಕದ ಆರಂಭದಲ್ಲಿ ಬಾಗಿಲು ಮುಚ್ಚಿತು. ಕೈಕೆಲಸ ಬಲ್ಲ ಕಾರ್ಮಿಕರ ಒಂದು ಪೀಳಿಗೆ ಒಮ್ಮೆಗೇ ಕೆಲಸ ಕಳೆದುಕೊಂಡಿತು. ಯಂತ್ರಪುರ ಎಂಬ ಹೆಸರು ಮಾತ್ರ ಉಳಿದಿದೆ.

ಗಡಿಯಾಗಿದ್ದ ನದಿ

ಇಂದು ಹರಿಹರವು ರಾಜ್ಯದ ನಡುಭಾಗದ ಊರು. 1956ರ ನವೆಂಬರ್ 1ರವರೆಗೆ ಅದು ಗಡಿಯ ಊರಾಗಿತ್ತು. ತುಂಗಭದ್ರೆಯ ಬಲದಂಡೆ ಮೈಸೂರು ಸಂಸ್ಥಾನಕ್ಕೆ ಸೇರಿದ್ದರೆ ಎಡದಂಡೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಎರಡೂ ದಂಡೆಯವರು ಆಡುವ ಮಾತು ಕನ್ನಡವೇ ಆಗಿದ್ದರೂ ಹೊಳೆ ದಾಟಿದರೆ ಸರಕಾರ ಬೇರೆ, ಕಾನೂನು ಬೇರೆ, ಶಾಲೆಯ ಪಠ್ಯ ಬೇರೆ. ಏಕೀಕರಣ ಎಂಬುದು ಪಾಠದ ಪುಸ್ತಕದಲ್ಲಿ ಒಂದು ತಾರೀಖು. ಇಲ್ಲಿಯ ಜನರಿಗೆ ಅದು ಕಣ್ಣೆದುರಿನ ಹೊಳೆ ಗಡಿಯಾಗಿ ಉಳಿಯದೆ ಹೋದ ದಿನ.

ಗಡಿಯಾಗಿದ್ದ ಕಾರಣದಿಂದಲೇ ಇಲ್ಲಿ 1865ರವರೆಗೆ ಸೈನ್ಯದ ದಂಡುಪ್ರದೇಶವೊಂದು ಇತ್ತು. ಬೆಂಗಳೂರು–ಧಾರವಾಡ ರಸ್ತೆಗಾಗಿ ಕಲ್ಲು ಮತ್ತು ಇಟ್ಟಿಗೆಯ ಕಮಾನು ಸೇತುವೆ 1868ರಲ್ಲಿ ಪೂರ್ಣವಾಯಿತು.

ನದಿ ಈಗಲೂ ಒಂದು ಗಡಿಯೇ, ಆದರೆ ಜಿಲ್ಲೆಗಳ ಗಡಿ. ಹರಿಹರ ಮತ್ತು ದಾವಣಗೆರೆ ಎರಡೂ ಮೊದಲು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಅಸ್ತಿತ್ವಕ್ಕೆ ಬಂದಿತು. ಅದೇ ತಿಂಗಳಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯೂ ರಚನೆಯಾಯಿತು. ಹೊಸ ಜಿಲ್ಲೆಗೆ ಚಿತ್ರದುರ್ಗದ ತಾಲ್ಲೂಕುಗಳ ಜೊತೆಗೆ ಶಿವಮೊಗ್ಗದಿಂದ ಚನ್ನಗಿರಿ ಮತ್ತು ಹೊನ್ನಾಳಿ, ಬಳ್ಳಾರಿಯಿಂದ ಹರಪನಹಳ್ಳಿ ಸೇರಿದವು. ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹಳೆಯ ಭೂಪಟವನ್ನು ಇಟ್ಟುಕೊಂಡು ಓದುವವರು ಇದನ್ನು ಗಮನಿಸಬೇಕು.

ಹರಿಹರದಲ್ಲಿಲ್ಲದ ‘ಹರಿಹರ’ ಕಾರ್ಖಾನೆ

ಹೆಸರು ದಾರಿ ತಪ್ಪಿಸುವುದಕ್ಕೆ ಅತ್ಯುತ್ತಮ ಉದಾಹರಣೆ ಹರಿಹರ ಪಾಲಿಫೈಬರ್ಸ್. ಈ ಕಾರ್ಖಾನೆ ಇರುವುದು ನದಿಯ ಆಚೆ ದಡದ ಕುಮಾರಪಟ್ಟಣದಲ್ಲಿ. ಅದು ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿಗೆ ಸೇರಿದೆ. 1972ರಲ್ಲಿ ಆರಂಭವಾದ ಇಲ್ಲಿ ನೀಲಗಿರಿ ಮೊದಲಾದ ಮರಗಳಿಂದ ರೇಯಾನ್ ನೂಲಿಗೆ ಬೇಕಾದ ತಿರುಳನ್ನು ತಯಾರಿಸುತ್ತಾರೆ. ಹೊಳಪಿನ ರೇಯಾನ್ ಬಟ್ಟೆಯ ಮೂಲ ಮರದ ದಿಮ್ಮಿ ಎಂಬುದು ಬಹಳ ವಿದ್ಯಾರ್ಥಿಗಳಿಗೆ ಹೊಸ ವಿಷಯ.

ತಿರುಳಿನ ತಯಾರಿಕೆಗೆ ಬಹಳ ನೀರು ಬೇಕು, ಬಹಳ ಮರವೂ ಬೇಕು. ಈ ಎರಡೂ ಅಗತ್ಯಗಳು ಕರ್ನಾಟಕದ ಪರಿಸರ ಚಳವಳಿಯ ಇತಿಹಾಸದಲ್ಲಿ ಸೇರಿಹೋಗಿವೆ. 1980ರ ದಶಕದಲ್ಲಿ ಕಾರ್ಖಾನೆಯ ಕೆಳಗಿನ ಹಳ್ಳಿಗಳವರು ನದಿಯ ನೀರು ಕೆಡುತ್ತಿದೆ, ಮೀನು ಸಾಯುತ್ತಿವೆ ಎಂದು ದೂರಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಮರದ ಪ್ರಶ್ನೆ ಇನ್ನೂ ದೂರ ಹೋಯಿತು. 1984ರಲ್ಲಿ ಸರಕಾರ ಮತ್ತು ಕಾರ್ಖಾನೆಯ ಜಂಟಿ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ರಚನೆಯಾಗಿ, ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ಅದಕ್ಕೆ ಕೊಡುವ ಯೋಜನೆ ಬಂದಿತು. ಆ ಭೂಮಿ ಹಳ್ಳಿಗರಿಗೆ ದನ ಮೇಯಿಸುವ, ಸೌದೆ ಆಯುವ ಜಾಗ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಹಣ್ಣಿನ ಹಾಗೂ ಮೇವಿನ ಸಸಿಗಳನ್ನು ನೆಟ್ಟರು. ಕಿತ್ತಿಕೋ–ಹಚ್ಚಿಕೋ ಸತ್ಯಾಗ್ರಹವೆಂದು ಹೆಸರಾದುದು ಇದೇ. ಉತ್ತರ ಕರ್ನಾಟಕದ ಮಾತಿನಲ್ಲಿ ಸಸಿ ‘ಹಚ್ಚುವುದು’ ಎಂದರೆ ನೆಡುವುದು. ಈ ಭೂಮಿಯ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದಾಗ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1991ರಲ್ಲಿ ಪಲ್ಪ್‌ವುಡ್ ಕಂಪನಿಯನ್ನು ಮುಚ್ಚಲಾಯಿತು.

ಕೆರೆಯ ಹೆಸರಿನ ಊರು, ನದಿಯ ನೀರು

ದಾವಣಗೆರೆಯ ಹೆಸರಿನ ಬಗ್ಗೆ ಒಂದಕ್ಕಿಂತ ಹೆಚ್ಚು ವಿವರಣೆಗಳಿವೆ. ದಾವಣಿ ಎಂದರೆ ದನ ಅಥವಾ ಕುದುರೆಗಳನ್ನು ಸಾಲಾಗಿ ಕಟ್ಟುವ ಹಗ್ಗ. ದಂಡಿನ ಕುದುರೆಗಳನ್ನು ದಾವಣಿಯಲ್ಲಿ ಕಟ್ಟಿ ನೀರು ಕುಡಿಸುತ್ತಿದ್ದ ಕೆರೆ ದಾವಣಿಕೆರೆಯಾಗಿ, ಅದೇ ದಾವಣಗೆರೆಯಾಯಿತು ಎಂಬುದು ಹೆಚ್ಚು ಪ್ರಚಲಿತವಾದ ವಿವರಣೆ. ‘ಕೆರೆ’ ಎಂಬುದು ಸಮಾಸದಲ್ಲಿ ‘ಗೆರೆ’ ಆಗುವುದು ಕನ್ನಡ ವ್ಯಾಕರಣದ ಆದೇಶ ಸಂಧಿ. ಮಳೆಗಾಲದ ಮಳೆ+ಕಾಲ, ಬೆಟ್ಟದಾವರೆಯ ಬೆಟ್ಟ+ತಾವರೆಗಳ ಜೊತೆಗೆ ಈ ಊರಿನ ಹೆಸರನ್ನೂ ತರಗತಿಯಲ್ಲಿ ಉದಾಹರಿಸಬಹುದು.

ಹದಿನೆಂಟನೆಯ ಶತಮಾನದ ಮಧ್ಯದವರೆಗೂ ದಾವಣಗೆರೆ ಒಂದು ಸಣ್ಣ ಹಳ್ಳಿ. ಹತ್ತಿರದ ಬೇತೂರು ಅದಕ್ಕಿಂತ ಬಹಳ ಹಿಂದೆಯೇ ಪ್ರಮುಖ ಸ್ಥಳವಾಗಿತ್ತು. ಹೈದರಾಲಿಯು ದಾವಣಗೆರೆಯನ್ನು ಆಪೋಜಿರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆಪೋಜಿರಾಮನು ವ್ಯಾಪಾರಿಗಳನ್ನು ಕರೆಸಿ ನೆಲೆಗೊಳಿಸಿದನು. ಊರಿನ ವಾಣಿಜ್ಯದ ಇತಿಹಾಸ ಅಲ್ಲಿಂದ ಆರಂಭವಾಗುತ್ತದೆ. ಇಂದಿನ ಜಿಲ್ಲಾ ಕೇಂದ್ರ ಹುಟ್ಟಿದುದು ಕೋಟೆಯಿಂದಲೂ ಅಲ್ಲ, ಗುಡಿಯಿಂದಲೂ ಅಲ್ಲ, ಸಂತೆಯಿಂದ ಎನ್ನಬಹುದು.

ಕೆರೆಯ ಹೆಸರನ್ನು ಹೊತ್ತ ಈ ನಗರ ಕುಡಿಯುವ ನೀರಿಗೆ ಹರಿಹರದ ಕಡೆಯ ತುಂಗಭದ್ರೆಯನ್ನೂ ಭದ್ರಾ ನಾಲೆಯನ್ನೂ ನೆಚ್ಚಿಕೊಂಡಿದೆ. ಹರಿಹರ ತಾಲ್ಲೂಕಿನ ರಾಜನಹಳ್ಳಿಯಿಂದ ನದಿಯ ನೀರನ್ನು ಎತ್ತಿ ನಗರಕ್ಕೆ ತರಲಾಗುತ್ತದೆ. ನಾಲೆಯ ನೀರನ್ನು ಕುಂದುವಾಡ ಕೆರೆಯಲ್ಲಿ ಸಂಗ್ರಹಿಸಲಾಗುತ್ತದೆ. ಮಳೆ ಕೈಕೊಟ್ಟ ವರ್ಷ ನದಿ ಸೊರಗಿದಾಗ ಕಷ್ಟ ಎರಡೂ ಊರುಗಳಿಗೆ ಒಟ್ಟಿಗೇ ಬರುತ್ತದೆ.

ಮ್ಯಾಂಚೆಸ್ಟರ್ ಎಂಬ ಬಿರುದು

ಸುತ್ತಲಿನ ಕಪ್ಪುನೆಲದ ಹತ್ತಿ, ಅದನ್ನು ಕೊಳ್ಳುವ ವರ್ತಕರು ಮತ್ತು ರೈಲುದಾರಿ, ಈ ಮೂರೂ ಸೇರಿ ಇಪ್ಪತ್ತನೆಯ ಶತಮಾನದಲ್ಲಿ ದಾವಣಗೆರೆಯಲ್ಲಿ ಬಟ್ಟೆ ಗಿರಣಿಗಳು ಎದ್ದವು. ದಾವಣಗೆರೆ ಕಾಟನ್ ಮಿಲ್ಸ್ ಇವುಗಳಲ್ಲಿ ಪ್ರಸಿದ್ಧವಾದುದು. ಇಂಗ್ಲೆಂಡಿನ ಬಟ್ಟೆಯ ನಗರದ ಹೆಸರು ಊರಿಗೆ ಬಿರುದಾಗಿ ಅಂಟಿಕೊಂಡಿತು. ಪಾಳಿ ಬದಲಾಗುವ ಹೊತ್ತಿಗೆ ಕೂಗುತ್ತಿದ್ದ ಗಿರಣಿಯ ಸೈರನ್ನು ಊರಿಗೆಲ್ಲ ಗಡಿಯಾರವಾಗಿತ್ತು. ಶತಮಾನ ಮುಗಿಯುವ ಹೊತ್ತಿಗೆ ಗಿರಣಿಗಳು ಒಂದೊಂದಾಗಿ ನಿಂತವು. ಮೂಲ ಮ್ಯಾಂಚೆಸ್ಟರಿನಲ್ಲಿಯೂ ಹತ್ತಿಯ ಗಿರಣಿಗಳು ಅದಕ್ಕೆ ಮೊದಲೇ ನಿಂತುಹೋಗಿದ್ದವು ಎಂಬುದನ್ನು ನೆನೆದರೆ, ಹೋಲಿಕೆ ಬಿರುದು ಕೊಟ್ಟವರು ಬಯಸಿದ್ದಕ್ಕಿಂತ ಹೆಚ್ಚು ನಿಜವಾಯಿತು.

ಗಿರಣಿಗಳ ಜಾಗವನ್ನು ತುಂಬಿದುದು ಶಿಕ್ಷಣ. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಬಂದವು. ಯಲ್ಲಮ್ಮ ಕಾಟನ್ ಮಿಲ್ ಇದ್ದ ತೋಳಹುಣಸೆಯಲ್ಲಿಯೇ 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾನಿಲಯದ ಶಿವಗಂಗೋತ್ರಿ ಆವರಣವೂ ಇದೆ.

ಮಂಡಕ್ಕಿ ಮತ್ತು ದೋಸೆ

ಲಕ್ಕವಳ್ಳಿಯ ಭದ್ರಾ ಜಲಾಶಯದ ನಾಲೆಗಳು 1960ರ ದಶಕದಲ್ಲಿ ಈ ಭಾಗಕ್ಕೆ ನೀರು ತಂದ ಮೇಲೆ ದಾವಣಗೆರೆ ಮತ್ತು ಹರಿಹರ ತಾಲ್ಲೂಕುಗಳಲ್ಲಿ ಭತ್ತದ ಗದ್ದೆಗಳು ಹರಡಿದವು. ನಾಲೆಯ ಕೊನೆಭಾಗದ ರೈತರಿಗೆ ನೀರು ತಲುಪುವುದು ಇಂದಿಗೂ ಪ್ರತಿ ಬೇಸಿಗೆಯ ಚರ್ಚೆ. ಮಂಡಕ್ಕಿ ಹುರಿಯುವ ಭಟ್ಟಿಗಳು ದಾವಣಗೆರೆಯಲ್ಲಿ ಒಂದು ಬಡಾವಣೆಯನ್ನೇ ತುಂಬಿವೆ. ಸಂಜೆಯ ಖಾರ ಮಂಡಕ್ಕಿ, ಮಿರ್ಚಿ, ನರ್ಗಿಸ್ ಮಂಡಕ್ಕಿ ಇಲ್ಲಿಯ ಬೀದಿಯ ಗುರುತು. ಭಟ್ಟಿಗಳ ಹೊಗೆಯಲ್ಲಿ ದುಡಿಯುವವರ ಆರೋಗ್ಯದ ವಿಚಾರ ಮಂಡಕ್ಕಿಯಷ್ಟು ಪ್ರಸಿದ್ಧವಾಗಿಲ್ಲ.

ಬೆಣ್ಣೆದೋಸೆಯ ಹಿಟ್ಟಿಗೂ ಅಕ್ಕಿ ಮತ್ತು ಉದ್ದಿನಬೇಳೆಯ ಜೊತೆಗೆ ಮಂಡಕ್ಕಿ ಸೇರುತ್ತದೆ. ದೋಸೆ ಹಗುರವಾಗಿ, ಅಂಚು ಗರಿಗರಿಯಾಗಿ ಬರುವುದಕ್ಕೆ ಅದೂ ಒಂದು ಕಾರಣ. ಸೌದೆಯ ಒಲೆಯ ಮೇಲಿನ ಕಾವಲಿಯಲ್ಲಿ ಬೆಣ್ಣೆ ಹಾಕಿ ಬೇಯಿಸಿ, ಬೇಯಿಸಿದ ಆಲೂಗಡ್ಡೆಯ ಪಲ್ಯ ಮತ್ತು ಕಾಯಿಚಟ್ನಿಯೊಡನೆ ಬಡಿಸುತ್ತಾರೆ. ಪಲ್ಯಕ್ಕೆ ಅರಿಶಿನವಿಲ್ಲ, ಆದುದರಿಂದ ಅದು ಬಿಳಿಯಾಗಿಯೇ ಇರುತ್ತದೆ. ಬೆಣ್ಣೆದೋಸೆ, ಬೆಣ್ಣೆ ಖಾಲಿ ದೋಸೆ, ಓಪನ್ ದೋಸೆ ಎಂಬ ಬಗೆಗಳಿವೆ.

ಈ ದೋಸೆಯ ಆರಂಭದ ಬಗ್ಗೆ ಪ್ರಚಲಿತವಿರುವ ವೃತ್ತಾಂತ ಇನ್ನೊಂದು ಅಚ್ಚರಿ. 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳೊಡನೆ ಬಂದ ಚೆನ್ನಮ್ಮ ಎಂಬ ಮಹಿಳೆ ನಾಟಕದ ಥಿಯೇಟರಿನ ಬಳಿ ದೋಸೆ ಮಾರಲಾರಂಭಿಸಿದರು. ಆ ದೋಸೆ ರಾಗಿಯದು. ಒಂದು ದಶಕದ ಬಳಿಕ ರಾಗಿಯ ಸ್ಥಾನಕ್ಕೆ ಅಕ್ಕಿ ಬಂದಿತು. ಮುಂದೆ ಅವರ ಮಕ್ಕಳು ಹೋಟೆಲುಗಳನ್ನು ತೆರೆದರು. ಗ್ರಾಹಕರು ನಾಟಕದ ಪ್ರೇಕ್ಷಕರಾಗಿದ್ದುದು ಸಹಜ. ದಾವಣಗೆರೆ ವೃತ್ತಿರಂಗಭೂಮಿಗೆ ದೊಡ್ಡ ನೆಲೆ. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದು. ಅವರ ಮಗಳು, ನಟಿ ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ದೊರೆಯಿತು.

ಇದೇ ಹೆಸರಿನ ಇತರ ಸ್ಥಳಗಳು

ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಕಡಲತೀರದಲ್ಲಿ ಹರಿಹರೇಶ್ವರ ಎಂಬ ಯಾತ್ರಾಸ್ಥಳವಿದೆ. ನಾಸಿಕ್ ಜಿಲ್ಲೆಯಲ್ಲಿ ಕಡಿದಾದ ಬಂಡೆಮೆಟ್ಟಿಲುಗಳಿಗೆ ಹೆಸರಾದ ಹರಿಹರ ಕೋಟೆಯಿದೆ. ಹೆಸರನ್ನು ಹುಡುಕುವಾಗ ಇವುಗಳ ಚಿತ್ರಗಳೂ ಕಾಣಿಸಿಕೊಳ್ಳುತ್ತವೆ. ತುಂಗಭದ್ರೆಯ ದಂಡೆಯ ಹರಿಹರಕ್ಕೂ ಅವಕ್ಕೂ ಸಂಬಂಧವಿಲ್ಲ.